ಮನೆ ತೋರಿಸಿದವನು

ಮನೆ ತೋರಿಸಿದವನು ನಾನೇ.
ಕೋಡಿಬಾಗದ ಸ್ಟ್ಯಾಂಡಿನಲ್ಲಿ ರಿಕ್ಷಾ ಒರೆಸುತ್ತ ನಿಂತಿದ್ದೆ,
ಕಪ್ಪು ಟೀಶರ್ಟಿನ ಹುಡುಗನೊಬ್ಬ ಬಂದು ಕೇಳಿದ:
ಬಡವರ ಮನೆ ಬೇಕು, ಸಮುದ್ರ ಕಾಣಬೇಕು,
ಅವರಿಗೆ ದಿನಕ್ಕೆ ಇಷ್ಟು, ನಿನಗೆ ಬೇರೆ.

ಮೊದಲ ಮನೆಯಲ್ಲಿ ಫ್ರಿಜ್ಜು ಇತ್ತು, ಬೇಡವೆಂದ.
ಎರಡನೆಯದರಲ್ಲಿ ಮುದುಕ ಬಾಯ್ತುಂಬ ಹಲ್ಲು ಕಟ್ಟಿಸಿಕೊಂಡಿದ್ದ,
ಹತ್ತಿರ ಇದೆ, ಆದರೆ ಇದಲ್ಲ, ಅಂದ,
ಇಸವಾಣದ ಹೊಟ್ಟೆ ಒತ್ತಿ ನೋಡಿ
ವಾಪಸು ಬುಟ್ಟಿಗೆ ಹಾಕುವವರ ಹಾಗೆ.

ಕೊನೆಗೆ ಶೇವಂತಿಯ ಮನೆ, ತಾಂಡೇಲರ ಶೇವಂತಿ.
ಗೋಡೆ ಗಿಳಿಹಸಿರು,
ಮಗಳ ನಿಶ್ಚಿತಾರ್ಥಕ್ಕೆಂದು ಸಂಘದ ಸಾಲದಲ್ಲಿ ಬಳಿಸಿದ್ದು,
ಇನ್ನೂ ಐದು ಕಂತು ಬಾಕಿ.
ಎರಡು ದಿನ ಕೂತು ಅದನ್ನು ಕೆರೆದರು,
ಚಹಾದ ಕಷಾಯ ಎರಚಿದರು, ಮಸಿ ತಿಕ್ಕಿದರು,
ಡಿಶ್ಶಿನ ಬುಟ್ಟಿ ಇಳಿಸಿ ಕೋಳಿಗೂಡಿನ ಹಿಂದೆ ಬಚ್ಚಿಟ್ಟರು.
ಬಡತನಕ್ಕೆ ಇಷ್ಟು ಕೆಲಸ ಇದೆಯೆಂದು
ನಮಗೆ ಗೊತ್ತಿರಲಿಲ್ಲ.

ಏಪ್ರಿಲ್ ತಿಂಗಳು. ಬಾವಿಗೆ ಉಪ್ಪು ಏರಿ
ಬೇಳೆ ಬೇಯದ ದಿನಗಳು.
ನಗರಸಭೆಯ ಟ್ಯಾಂಕರು ವಾರಕ್ಕೊಮ್ಮೆ,
ಬಂದರೆ ಬಂತು.
ಅವರ ಕತೆಯಲ್ಲಿ ಆಷಾಢ. ಮಳೆ ಬೇಕಿತ್ತು.
ಹಾಗಾಗಿ ಒಂದರ ಹಿಂದೊಂದು ಮೂರು ಟ್ಯಾಂಕರು
ನಮ್ಮ ಓಣಿಗೆ ರಿವರ್ಸಿನಲ್ಲಿ ಬಂದವು,
ಪೈಪು ಮಾಡಿನ ಮೇಲೆ ಹತ್ತಿತು,
ಯಾರೋ "ಮಳೆ" ಅಂದರು,
ಮಳೆ ಬಂತು.

ಸಿಹಿನೀರು!
ಮೊದಲು ನುಗ್ಗಿದವಳು ಶೇವಂತಿ, ಕೊಡ ಸಮೇತ.
ಬೆನ್ನಿಗೇ ಕುಸುಮಾ, ಸುಭದ್ರಾ,
ಹದಿನೈದು ದಿನದ ಬಾಣಂತಿ ವನಿತಾ ಕೂಡ.
ಬೋಗುಣಿ, ಬಾಲ್ದಿ, ಪ್ಲಾಸ್ಟಿಕ್ ಹಾಸಿದ ಮೀನಿನ ಬುಟ್ಟಿ,
ಮಕ್ಕಳ ಶಾಲೆಯ ಬಾಟಲಿ.
ಒಬ್ಬರನ್ನೊಬ್ಬರು ತಳ್ಳುತ್ತ, ಬೈಯುತ್ತ,
ನಗು ತಡೆಯಲಾಗದೆ
ಸೂರಿನ ಕೆಳಗೆ ಸಾಲು ಹಚ್ಚಿದರು.
ನಾಯಕಿ ಮೂಲೆಯಲ್ಲಿ ಒದ್ದೆಯಾಗಿ ನಿಂತಿದ್ದಳು,
ಯಾರೂ ಅವಳತ್ತ ನೋಡಲಿಲ್ಲ.
ಸಹಾಯಕ ಕೂಗಲು ಬಾಯಿ ತೆರೆದ,
ನಿರ್ದೇಶಕರು ಅವನ ತೋಳು ಹಿಡಿದರು:
ಓಡಲಿ, ಕ್ಯಾಮೆರಾ ಓಡಲಿ.

ಅದೇ ಈಗ ಪೋಸ್ಟರು.
ಯಾವುದೋ ಹಿಮ ಬೀಳುವ ಊರಿನಲ್ಲಿ ಎದ್ದು ನಿಂತು
ಹತ್ತು ನಿಮಿಷ ಚಪ್ಪಾಳೆ ತಟ್ಟಿದರಂತೆ.
ಏನೂ ಇಲ್ಲದವರಲ್ಲಿ ಎಷ್ಟೊಂದು ಸಂತೋಷ ಎಂದು
ಪ್ರಶಸ್ತಿಪತ್ರದಲ್ಲಿ ಬರೆದಿದ್ದಾರೆ, ಪೇಪರಿನಲ್ಲಿ ಓದಿದೆ.

ಮೊನ್ನೆ ರಂಗಮಂದಿರದಲ್ಲಿ ನಮಗೂ ತೋರಿಸಿದರು, ಪುಕ್ಕಟೆ.
ಜಗಳ ಆಡಬೇಕೆಂದೇ ಹೋಗಿದ್ದೆ.
ಕತೆಯ ಹುಡುಗ ಹರಿದ ಬಲೆಯಲ್ಲಿ ಉಯ್ಯಾಲೆ ಕಟ್ಟಿದಾಗ
ಸುಳ್ಳು, ಅಂದೆ, ಗಟ್ಟಿಯಾಗಿಯೇ.
ಮುಂದಿನ ಸಾಲಿನವರು ತಿರುಗಿ ನೋಡಿದರು.
ಆದರೆ ಮಳೆ ಬಂತಲ್ಲ ಆಗ,
ಶೇವಂತಿಯ ಮುಖ ಗೋಡೆಯಷ್ಟು ದೊಡ್ಡದಾಗಿ,
ಮುರಿದ ಹಲ್ಲು, ಮೂಗುತಿಯ ಮೇಲೆ ಒಂದು ಹನಿ,
ನನ್ನ ಕಣ್ಣೂ ಒದ್ದೆಯಾಯಿತು, ದರಿದ್ರದ್ದು.
ಆ ನಗು ಅಸಲಿ, ನಾನು ಸಾಕ್ಷಿ.
ಮಳೆ ಬಾಡಿಗೆಯದು.
ಇದಕ್ಕೆ ಪ್ರಶಸ್ತಿ ಸಲ್ಲುತ್ತದೋ ಇಲ್ಲವೋ
ತೂಗಿ ಹೇಳುವಷ್ಟು ನನ್ನ ಮೀಟರು ಸರಿಯಿಲ್ಲ,
ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತು.
ಅವರು ಕೊಟ್ಟ ಕಮಿಷನ್ನಿನಲ್ಲಿ ಹಿಂದಿನ ಎರಡೂ ಟಾಯರು ಹೊಸತು,
ಅವುಗಳ ಮೇಲೆಯೇ ಅವಳನ್ನು ಕೂರಿಸಿಕೊಂಡು ಹೋಗಿದ್ದು.

ವಾಪಸು ಬರುವಾಗ ಕಾಜುಬಾಗ ದಾಟುವವರೆಗೂ
ಅವಳು ಮಾತಾಡಲಿಲ್ಲ.
ಕನ್ನಡಿಯಲ್ಲಿ ನೋಡಿದರೆ
ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದಳು.
"ಹನ್ನೊಂದು" ಅಂದಳು.
ಏನು?
"ಕೊಡ. ನನಗೆ ಎಂಟೇ ನೆನಪಿತ್ತು.
ಪಡದೆಯಲ್ಲಿ ಸರಿಯಾಗಿ ಕಂಡಿತು."

ಇಳಿಯುವಾಗ, ಸೆರಗಿನ ಗಂಟು ಬಿಚ್ಚುತ್ತ:
"ಅವರು ಮತ್ತೆ ಬರ್ತಾರಾ ಕೇಳು ಮಾರಾಯಾ.
ಗೋಡೆ ಕೆರೆದರೂ ಅಡ್ಡಿಲ್ಲ.
ಏಪ್ರಿಲ್ಲಿನಲ್ಲೇ ಬರಲಿ ಅನ್ನು."

ಬಾಡಿಗೆ ಕೊಟ್ಟಳು.
ತಗೊಂಡೆ.